ಹಳೆಯ ಸೈಕಲ್ಲಿನಲ್ಲಿ ಗೇರು ಕೂರುತ್ತಿಲ್ಲವೇ? ವೈರಿನ ದಾರಿ ಮತ್ತು ಬೆರಕೆ ಭಾಗಗಳ ದೋಷ ನಿವಾರಣೆ

ಗೇರು ಕೂರದಿದ್ದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಎರಡು ಪುಟ್ಟ ಮಿತಿ ಸ್ಕ್ರೂಗಳ ಕಡೆಗೆ. ಆ ಸ್ಕ್ರೂಗಳಿಗೆ ಇರುವುದು ಒಂದೇ ಕೆಲಸ: ಚೈನು ಒಂದು ತುದಿಯಲ್ಲಿ ಫ್ರೇಮಿನ ಕಡೆಗೆ, ಇನ್ನೊಂದು ತುದಿಯಲ್ಲಿ ಕಡ್ಡಿಗಳೊಳಗೆ ಬೀಳದಂತೆ ತಡೆಯುವುದು. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧವಿಲ್ಲ. ಒಂದು ಕಂಪನಿಯ ಶಿಫ್ಟರು (ಗೇರು ಬದಲಿಸುವ ಲಿವರು), ಇನ್ನೊಂದರ ಡಿರೇಲರು, ಮತ್ತೊಂದರ ಫ್ರೀವೀಲು (ಹಿಂದಿನ ಹಲ್ಲುಚಕ್ರಗಳ ಗುಂಪು) ಸೇರಿಕೊಂಡ ಹಳೆಯ ಸೈಕಲ್ಲಿನಲ್ಲಿ ಆ ಸ್ಕ್ರೂಗಳನ್ನು ತಿರುವಿದಷ್ಟೂ ಮೂಲ ದೋಷ ಮರೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಯಾವುದೇ ಉಪಕರಣ ಕೈಗೆತ್ತಿಕೊಳ್ಳುವ ಮುಂಚೆ ತಪ್ಪು ಯಾವ ರೀತಿಯಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ನೋಡಿಕೊಳ್ಳಬೇಕು. ದೋಷ ಎಲ್ಲಿದೆ ಎಂಬುದನ್ನು ಅದೇ ಹೇಳಿಬಿಡುತ್ತದೆ.

ಮೊದಲು ಬರೆದಿಟ್ಟುಕೊಳ್ಳಿ

ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಅಥವಾ ಹಗ್ಗ ಕಟ್ಟಿ ತೂಗುಹಾಕಿ. ತಲೆಕೆಳಗು ಮಾಡಿ ನಿಲ್ಲಿಸಬೇಡಿ, ಹ್ಯಾಂಡಲಿನ ಬಳಿ ವೈರಿನ ಬಾಗು ಬದಲಾಗಿ ಫಲಿತಾಂಶವೇ ಸುಳ್ಳಾಗುತ್ತದೆ. ಅತಿ ಚಿಕ್ಕ ಹಲ್ಲುಚಕ್ರದಿಂದ ಶುರುಮಾಡಿ, ಪೆಡಲನ್ನು ನಿಧಾನವಾಗಿ ತಿರುಗಿಸುತ್ತಾ ಒಂದೊಂದೇ ಕ್ಲಿಕ್ ಹಾಕಿ. ಪ್ರತಿ ಗೇರಿನಲ್ಲೂ ಹಿಂದಿನಿಂದ ಬಗ್ಗಿ ನೋಡಿ: ಡಿರೇಲರಿನ ಮೇಲಿನ ಪುಲ್ಲಿ (ಚೈನು ಹಾಯುವ ಪುಟ್ಟ ಗಾಲಿ) ಹಲ್ಲುಚಕ್ರದ ನೇರಕ್ಕೆ ಇದೆಯೇ, ಅಥವಾ ಒಳಕ್ಕೋ ಹೊರಕ್ಕೋ ಸರಿದಿದೆಯೇ, ಸರಿದಿದ್ದರೆ ಅಂದಾಜು ಎಷ್ಟು ಮಿಲಿಮೀಟರು. ಕಾಗದದ ಮೇಲೆ ಬರೆಯಿರಿ. ದೊಡ್ಡ ಹಲ್ಲುಚಕ್ರ ತಲುಪಿದ ಮೇಲೆ ಅದೇ ಕೆಲಸವನ್ನು ಹಿಂದಕ್ಕೂ ಮಾಡಿ. ಐದು ನಿಮಿಷದ ಈ ಕೆಲಸ ಬಿಟ್ಟವರು ಆಮೇಲೆ ಐದು ಗಂಟೆ ಒದ್ದಾಡುತ್ತಾರೆ.

ಬರೆದದ್ದನ್ನು ಓದುವ ಬಗೆ ಹೀಗೆ. ಎಲ್ಲ ಗೇರುಗಳಲ್ಲೂ ಪುಲ್ಲಿ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಅದು ವೈರಿನ ಬಿಗಿ ಮಾತ್ರ. ವೈರಿನ ಬಿಗಿ ತಿದ್ದುವ ತಿರುಪನ್ನು, ಅಂದರೆ ಬ್ಯಾರೆಲ್ ಅಡ್ಜಸ್ಟರನ್ನು, ಅರ್ಧರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಹೊರಕ್ಕೆ ಬಿಚ್ಚಿದರೆ ವೈರು ಬಿಗಿಯಾಗಿ ಪುಲ್ಲಿ ದೊಡ್ಡ ಹಲ್ಲುಚಕ್ರದತ್ತ ಸರಿಯುತ್ತದೆ. ವೈರು ಬಿಟ್ಟಾಗ ತಾನಾಗಿ ದೊಡ್ಡ ಹಲ್ಲುಚಕ್ರಕ್ಕೆ ಹೋಗುವ ತಿರುಗುಮುರುಗು ಸ್ಪ್ರಿಂಗಿನ ಡಿರೇಲರುಗಳೂ ಇವೆ, ಅವಕ್ಕೆ ಇದೆಲ್ಲ ಉಲ್ಟಾ.

ಒಂದು ತುದಿಯಲ್ಲಿ ಸರಿಯಿದ್ದು ಪ್ರತಿ ಕ್ಲಿಕ್ಕಿಗೂ ತಪ್ಪು ಬೆಳೆಯುತ್ತಾ ಹೋದರೆ ವೈರಿನ ಬಿಗಿಗೂ ಅದಕ್ಕೂ ಸಂಬಂಧವಿಲ್ಲ. ಶಿಫ್ಟರು ಎಳೆಯುವ ಅಳತೆ, ಡಿರೇಲರು ಚಲಿಸುವ ಅಳತೆ, ಹಲ್ಲುಚಕ್ರಗಳ ನಡುವಿನ ಅಂತರ, ಈ ಮೂರರಲ್ಲಿ ಹೊಂದಾಣಿಕೆ ಇಲ್ಲ ಎಂದರ್ಥ. ಬ್ಯಾರೆಲ್ ತಿರುಗಿಸಿ ಒಂದು ತುದಿ ಸರಿಮಾಡಿದರೆ ಇನ್ನೊಂದು ತುದಿ ಕೆಡುತ್ತದೆ. ಬೆರಕೆ ಸೈಕಲ್ಲಿನ ಮುಖ್ಯ ಕಾಯಿಲೆ ಇದೇ.

ದೊಡ್ಡ ಹಲ್ಲುಚಕ್ರದತ್ತ ಹೋಗುವಾಗ ಚೆನ್ನಾಗಿದ್ದು, ಚಿಕ್ಕದಕ್ಕೆ ಇಳಿಯುವಾಗ ಸೋಮಾರಿಯಾದರೆ ಎಲ್ಲೋ ವೈರು ಉಜ್ಜುತ್ತಿದೆ. ಹತ್ತುವಾಗ ಎಳೆಯುವುದು ನಿಮ್ಮ ಕೈ, ಅದಕ್ಕೆ ಬಲ ಸಾಕಷ್ಟಿದೆ. ಇಳಿಯುವಾಗ ಎಳೆಯುವುದು ಡಿರೇಲರಿನ ಸ್ಪ್ರಿಂಗ್ ಒಂದೇ. ಘರ್ಷಣೆ ತನ್ನ ಗುಟ್ಟು ಬಿಟ್ಟುಕೊಡುವುದು ಅಲ್ಲೇ.

ನಿಂತಲ್ಲಿ ಎಲ್ಲ ಸರಿಯಿದ್ದು, ಹ್ಯಾಂಡಲ್ ತಿರುಗಿಸಿದಾಗ ಅಥವಾ ಎದ್ದು ನಿಂತು ತುಳಿದಾಗ ಗೇರು ತಾನಾಗಿ ಬದಲಾದರೆ ಔಟರಿನ, ಅಂದರೆ ವೈರಿನ ಹೊರಕವಚದ, ಮೇಲೆ ಅನುಮಾನ ಪಡಿ. ಒಂದೇ ಒಂದು ಗೇರು ಮಾತ್ರ ಕೆಟ್ಟಿದ್ದರೆ ಆ ಹಲ್ಲುಚಕ್ರದ ಸವೆತ ನೋಡಿ, ಅದರ ಪಕ್ಕದ ಸ್ಪೇಸರ್ (ಅಂತರ ಕಾಯುವ ಉಂಗುರ) ಅಳೆಯಿರಿ. ಬಿಚ್ಚಿ ಜೋಡಿಸಿದ ಕ್ಯಾಸೆಟ್ಟುಗಳಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛಗಳಲ್ಲಿ, ಬೇರೆ ದಪ್ಪದ ಸ್ಪೇಸರ್ ಸೇರಿಕೊಳ್ಳುವುದು ಅಪರೂಪವೇನಲ್ಲ.

ಇನ್ನೊಂದು ಪರೀಕ್ಷೆ, ಇದಕ್ಕೆ ಖರ್ಚಿಲ್ಲ. ಕೆಳಪೈಪಿನ ಮೇಲೆ ಕೂರುವ ಹಳೆಯ ಕ್ಲಿಕ್ ಲಿವರುಗಳಲ್ಲಿ ಹಲವಕ್ಕೆ ಕ್ಲಿಕ್ ಇಲ್ಲದೆ ಓಡಿಸುವ ವ್ಯವಸ್ಥೆ ಇರುತ್ತದೆ. ಪಕ್ಕದ ಪುಟ್ಟ ಉಂಗುರ ಎತ್ತಿ ತಿರುಗಿಸಿದರೆ ಲಿವರು ನಯವಾಗಿ ಜಾರುತ್ತದೆ. ಆ ಸ್ಥಿತಿಯಲ್ಲಿ ಪ್ರತಿ ಹಲ್ಲುಚಕ್ರಕ್ಕೂ ಚೈನು ಸದ್ದಿಲ್ಲದೆ ಕೂತರೆ ಚೈನು, ಹಲ್ಲುಚಕ್ರ, ಡಿರೇಲರು ಮೂರೂ ಗಟ್ಟಿಯಾಗಿವೆ. ತಪ್ಪು ಕ್ಲಿಕ್ಕಿನ ಅಳತೆಯಲ್ಲಿದೆ. ಅಲ್ಲೂ ಕಟಕಟ ಸದ್ದು ಬಂದರೆ ಲೆಕ್ಕಾಚಾರ ಪಕ್ಕಕ್ಕಿಟ್ಟು ಲೋಹದ ಕಡೆ ನೋಡಿ.

ಲೋಹ ನೇರವಾಗಿದೆಯೇ

ಲೆಕ್ಕಕ್ಕೆ ಇಳಿಯುವ ಮುಂಚೆ ಡಿರೇಲರು ತೂಗುವ ಕಿವಿ, ಅಂದರೆ ಹ್ಯಾಂಗರ್, ನೇರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲೇಬೇಕು. ಸೈಕಲ್ಲು ಬಲಕ್ಕೆ ಒಮ್ಮೆ ಬಿದ್ದರೆ ಸಾಕು, ಅದು ಒಳಕ್ಕೆ ಬಾಗುತ್ತದೆ. ಅಳೆಯುವ ಉಪಕರಣವಿದ್ದರೆ ರಿಮ್ಮಿನ ನಾಲ್ಕು ದಿಕ್ಕಿನಲ್ಲೂ ಅಂತರ ನೋಡಿ, ವ್ಯತ್ಯಾಸ 4 ಮಿ.ಮೀ. ಒಳಗಿರಬೇಕು. ಉಪಕರಣ ಇಲ್ಲದವರಿಗೆ ಒಂದು ಸುಲಭ ಉಪಾಯವಿದೆ: ಹ್ಯಾಂಗರಿನ ತೂತಿನ ಮರೆ (ತಿರುಪಿನ ಗೀರು) ಸಾಮಾನ್ಯವಾಗಿ 10 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ್ದು. ಕ್ವಿಕ್ ರಿಲೀಸ್ (ಲಿವರು ಮಗುಚಿ ಬಿಚ್ಚುವ) ಹಿಂಚಕ್ರದ ಅಚ್ಚಿನ ಮರೆಯೂ ಬಹುಪಾಲು ಅದೇ. ಡಿರೇಲರು ಬಿಚ್ಚಿ ಬೇರೊಂದು ಹಿಂಚಕ್ರದ ಅಚ್ಚನ್ನೇ ಹ್ಯಾಂಗರಿಗೆ ತಿರುವಿ. ಈಗ ಎರಡು ಚಕ್ರಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಎರಡೂ ರಿಮ್ಮುಗಳು ಸಮಾನಾಂತರ ಇಲ್ಲದಿದ್ದರೆ ಬಾಗು ಕಣ್ಣಿಗೇ ಕಾಣುತ್ತದೆ, ಅದೇ ಚಕ್ರವನ್ನು ಹಿಡಿಕೆಯಾಗಿ ಹಿಡಿದು ಮೆಲ್ಲಗೆ ಬಾಗಿಸಿ ನೇರಮಾಡಬಹುದು. ಉಕ್ಕಿನ ಫ್ರೇಮಿಗೆ ಮಾತ್ರ ಇದು. ಅಲ್ಯುಮಿನಿಯಂ ಹ್ಯಾಂಗರು ಬಾಗಿದ್ದರೆ ಹೊಸದು ಹಾಕಿ. ಹ್ಯಾಂಗರು ಫ್ರೇಮಿನ ಭಾಗವಾಗಿರದೆ ಪ್ರತ್ಯೇಕ ತಗಡಾಗಿ ಅಚ್ಚಿನ ಜತೆ ಕೂತಿದ್ದರೆ ಅದರ ಪುಟ್ಟ ಬೋಲ್ಟು ಸಡಿಲವಾಗಿದೆಯೇ ನೋಡಿ, ಹಾಗಿದ್ದರೆ ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಹೊಂದಾಣಿಕೆ ಕೆಡುತ್ತದೆ.

ಫ್ರೇಮಿನಲ್ಲಿ ಹಿಂಚಕ್ರ ಕೂರುವ ಜಾಗವನ್ನು 126 ಮಿ.ಮೀ. ನಿಂದ 130ಕ್ಕೆ ಅಗಲಿಸಿ 8 ಅಥವಾ 9 ಸ್ಪೀಡಿನ (ಅಷ್ಟು ಹಲ್ಲುಚಕ್ರಗಳಿರುವ) ಚಕ್ರ ಕೂರಿಸಿದ್ದರೆ ಹ್ಯಾಂಗರು ಸ್ವಲ್ಪ ತಿರುಗಿಯೇ ಇರುತ್ತದೆ. ಪ್ರತಿ ಪಕ್ಕ 2 ಮಿ.ಮೀ. ಹೊರಕ್ಕೆ ಹೋದಾಗ ಹಿಂಚಕ್ರ ಕೂರುವ ತುದಿಗಳೆರಡೂ ಸಮಾನಾಂತರ ಕಳೆದುಕೊಳ್ಳುತ್ತವೆ. ಅಗಲಿಸಿದವರು ಅವನ್ನು ಮತ್ತೆ ನೇರಮಾಡುವ ಕೊನೆಯ ಹೆಜ್ಜೆ ಮರೆತು ಶಿಫ್ಟರನ್ನು ದೂರುವುದೇ ಹೆಚ್ಚು.

ಡಿರೇಲರಿನ ಕೆಳತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೀಲುಗಳು ಸವೆದು ಜೋಲಾಡುವ ಡಿರೇಲರು ಕ್ಲಿಕ್ ಇಲ್ಲದ ಲಿವರಿಗೆ ಇನ್ನೂ ವರ್ಷಗಟ್ಟಲೆ ಬಂದೀತು, ಕ್ಲಿಕ್ ಇರುವ ಶಿಫ್ಟರಿಗೆ ಬಾರದು. ಮೇಲಿನ ಪುಲ್ಲಿಯ ವಿಷಯದಲ್ಲಿ ಮಾತ್ರ ಎಚ್ಚರ: ಶಿಮಾನೊ ಕಂಪನಿಯ ಕ್ಲಿಕ್ ಡಿರೇಲರುಗಳ ಮೇಲಿನ ಪುಲ್ಲಿ ಬೇಕೆಂದೇ ಒಂದಿಷ್ಟು ಅಡ್ಡ ಸರಿಯುವಂತೆ ಮಾಡಿದ್ದು, ಸಣ್ಣ ತಪ್ಪನ್ನು ಅದೇ ನುಂಗಿಕೊಳ್ಳುತ್ತದೆ. ತೊಳೆದು ಜೋಡಿಸುವಾಗ ಅದನ್ನು ಕೆಳಗೆ ಹಾಕಿ ಕೆಳಗಿನದನ್ನು ಮೇಲೆ ಹಾಕಿದರೆ ಆ ಅನುಕೂಲ ಹೋಗಿಬಿಡುತ್ತದೆ.

ಚೈನನ್ನೂ ಅಳೆದುಬಿಡಿ. ಒಂದು ಪಿನ್ನಿನಿಂದ ಅದರ ಮುಂದಿನ 24ನೇ ಪಿನ್ನಿಗೆ ದೂರ ಹೊಸತರಲ್ಲಿ 304.8 ಮಿ.ಮೀ. ಅದು 306.3 ದಾಟಿದ್ದರೆ ಚೈನು ಬದಲಿಸುವ ಹೊತ್ತು.

ಔಟರು, ಇನ್ನರು, ತುದಿಗಳು

ಔಟರು ಎರಡು ಜಾತಿ. ಬ್ರೇಕಿನ ಔಟರಿನೊಳಗೆ ಚಪ್ಪಟೆ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ, ಸಾಮಾನ್ಯವಾಗಿ 5 ಮಿ.ಮೀ. ದಪ್ಪ. ಕ್ಲಿಕ್ ಗೇರಿನ ಔಟರಿನಲ್ಲಿ ಸಣ್ಣ ತಂತಿಗಳು ಉದ್ದಕ್ಕೂ ಹೆಚ್ಚುಕಡಿಮೆ ನೇರವಾಗಿ ಓಡುತ್ತವೆ, ಬಹುಪಾಲು 4 ಮಿ.ಮೀ. ಸುತ್ತಿದ ಜಾತಿ ಬಾಗಿದಾಗ ಅದರ ಒಳಗಿನ ಉದ್ದ ಬದಲಾಗುತ್ತದೆ, ಎಳೆದಾಗ ಕುಗ್ಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ. ಒಂದು ಕ್ಲಿಕ್ಕಿಗೆ ಮೂರು ಮಿಲಿಮೀಟರಿಗೂ ಕಡಿಮೆ ಎಳೆಯುವ ಶಿಫ್ಟರಿಗೆ ಅಷ್ಟೇ ಸಾಕು ದಾರಿ ತಪ್ಪಲು. ಹ್ಯಾಂಡಲ್ ತಿರುಗಿಸಿದಾಗ ಗೇರು ಹಾರುವ ಸೈಕಲ್ಲುಗಳಲ್ಲಿ ಮೊದಲು ಔಟರಿನ ಕತ್ತರಿಸಿದ ತುದಿ ನೋಡಿ, ಯಾವ ಜಾತಿ ಎಂದು ಅಲ್ಲೇ ತಿಳಿಯುತ್ತದೆ. ಇದರ ತಿರುಗುಮುರುಗು ಇನ್ನೂ ಅಪಾಯ. ಗೇರಿನ ಔಟರನ್ನು ಬ್ರೇಕಿಗೆ ಹಾಕಲೇಬಾರದು. ಜೋರಾಗಿ ಬ್ರೇಕು ಹಿಡಿದಾಗ ಉದ್ದುದ್ದ ತಂತಿಗಳು ಪ್ಲಾಸ್ಟಿಕ್ ಸೀಳಿಕೊಂಡು ಹೊರಬಂದು ಬ್ರೇಕು ಪೂರ್ತಿ ಹೋಗಬಹುದು.

ಹಳೆಯ ಗೇರ್ ಔಟರಿನ ತುದಿಯ ಟೋಪಿಯನ್ನು ಮೆಲ್ಲಗೆ ಎಳೆದು ತೆಗೆದು ಬೆಳಕಿಗೆ ಹಿಡಿಯಿರಿ. ಚೆನ್ನಾಗಿರುವ ತುದಿಯಲ್ಲಿ ತಂತಿಗಳೆಲ್ಲ ಒಂದೇ ಮಟ್ಟದಲ್ಲಿ, ಹೂವಿನ ಎಸಳುಗಳಂತೆ ವೃತ್ತವಾಗಿ ನಿಂತಿರುತ್ತವೆ, ನಡುವೆ ಒಳಕೊಳವೆಯ ದುಂಡು ಬಾಯಿ. ಕೆಟ್ಟ ತುದಿಯಲ್ಲಿ ಒಂದೆರಡು ತಂತಿಗಳು ಮುಂದೆ ಚಾಚಿ ಟೋಪಿಯ ತಳವನ್ನೇ ಚುಚ್ಚಿರುತ್ತವೆ, ಒಳಕೊಳವೆ ಚಪ್ಪಟೆಯಾಗಿ ವೈರನ್ನು ಕಚ್ಚಿ ಹಿಡಿದಿರುತ್ತದೆ. ಇಕ್ಕಳದಿಂದ ಕತ್ತರಿಸಿದರೆ ಆಗುವುದೇ ಹೀಗೆ. ವೈರು ಕತ್ತರಿಸುವ ಕಟರಿನಿಂದಲೇ ಕತ್ತರಿಸಿ, ತುದಿಯನ್ನು ಅರದಿಂದ ಸಮಮಾಡಿ, ಸಣ್ಣ ದಬ್ಬಣದಿಂದ ಒಳಕೊಳವೆಯ ಬಾಯಿ ದುಂಡಗೆ ಬಿಡಿಸಿ, ಆಮೇಲೆ ಟೋಪಿ ಹಾಕಿ. ಗೇರು ಸೋಮಾರಿಯಾಗಿದ್ದ ಎಷ್ಟೋ ಸೈಕಲ್ಲುಗಳು ಇಷ್ಟಕ್ಕೇ ಸರಿಹೋಗುತ್ತವೆ.

ಬಹಳ ಹಳೆಯ ಫ್ರೇಮುಗಳಲ್ಲಿ ಔಟರು ಕೂರುವ ತಡೆಗಳು ಬರಿಯ ಔಟರಿನ ಅಳತೆಗೆ ಮಾಡಿದವು, ಈಗಿನ ಟೋಪಿ ಒಳಗೆ ಹೋಗುವುದಿಲ್ಲ. ಸುತ್ತಿಗೆಯಿಂದ ತುರುಕಬೇಡಿ. ಒಂದು ತುದಿ ಸಣ್ಣದಾಗಿರುವ ಮೆಟ್ಟಿಲಿನಂಥ ಲೋಹದ ಟೋಪಿ ಹುಡುಕಿ, ಇಲ್ಲವೇ ಟೋಪಿಯ ಹೊರಮೈಯನ್ನು ಅರದಿಂದ ತೆಳುಮಾಡಿ. ಟೋಪಿಯೇ ಇಲ್ಲದೆ ಗೇರಿನ ಔಟರನ್ನು ಕೂರಿಸಿದರೆ ಕೆಲವೇ ವಾರಗಳಲ್ಲಿ ತಂತಿಗಳು ತಡೆಯ ತೂತಿನಲ್ಲಿ ಹೊರಬರುತ್ತವೆ.

ಇನ್ನರು, ಅಂದರೆ ಔಟರಿನೊಳಗೆ ಓಡುವ ವೈರು, 1.1 ಅಥವಾ 1.2 ಮಿ.ಮೀ. ಇರಬೇಕು. ಬ್ರೇಕಿನ 1.5 ಅಥವಾ 1.6 ಮಿ.ಮೀ. ವೈರು ಗೇರಿನ ಔಟರಿನಲ್ಲಿ ಉಜ್ಜುತ್ತದೆ. ವೈರಿನ ತಲೆಯಲ್ಲೂ ವ್ಯತ್ಯಾಸವಿದೆ. ಕಂಪಾನ್ಯೋಲೊ ಕಂಪನಿಯ ವೈರಿನ ತಲೆ ಶಿಮಾನೊಗಿಂತ ತುಸು ಚಿಕ್ಕದು. ಶಿಮಾನೊ ವೈರನ್ನು ಕಂಪಾನ್ಯೋಲೊ ಶಿಫ್ಟರಿಗೆ ಎಳೆದು ಕೂರಿಸಿದರೆ ತಲೆ ಸಿಕ್ಕಿಕೊಂಡು ಮುಂದಿನ ಸಲ ಹೊರಗೆ ಬರುವುದೇ ಕಷ್ಟ. ಬ್ರೇಕಿನ ಜತೆಗೂಡಿದ ಹ್ಯಾಂಡಲ್ ಶಿಫ್ಟರುಗಳಲ್ಲಿ ವೈರು ತಲೆಯ ಹತ್ತಿರವೇ, ಲಿವರಿನೊಳಗೆ, ಎಳೆಎಳೆಯಾಗಿ ತುಂಡಾಗುತ್ತದೆ. ಕಾರಣವಿಲ್ಲದೆ ಪ್ರತಿವಾರ ಬ್ಯಾರೆಲ್ ಬಿಗಿಮಾಡಬೇಕಾಗುತ್ತಿದ್ದರೆ ಅಲ್ಲಿ ನೋಡಿ. ಪೂರ್ತಿ ತುಂಡಾದರೆ ತಲೆಯ ಚೂರನ್ನು ಶಿಫ್ಟರಿನೊಳಗಿಂದ ತೆಗೆಯುವುದು ದೊಡ್ಡ ಕೆಲಸ.

ವೈರಿನ ದಾರಿ

ಡಿರೇಲರಿನ ಬೋಲ್ಟಿನಿಂದ ವೈರು ಬಿಡಿಸಿ, ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಬೆರಳಿನ ಬಲಕ್ಕೇ ನುಣ್ಣಗೆ ಜಾರಬೇಕು. ಜಾರದಿದ್ದರೆ ಔಟರಿನ ಒಂದೊಂದೇ ತುಂಡನ್ನು ತಡೆಯಿಂದ ಬಿಡಿಸುತ್ತಾ ಬನ್ನಿ, ಯಾವ ತುಂಡು ಬಿಟ್ಟಾಗ ಹಗುರವಾಯಿತೋ ದೋಷ ಅಲ್ಲಿದೆ.

ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗ ಮೂರು. ಡಿರೇಲರಿಗೆ ಹೋಗುವ ಕೊನೆಯ ಸುತ್ತು ಮೊದಲನೆಯದು. ಅದು ಚಿಕ್ಕದಾದರೆ ಡಿರೇಲರು ಮುಂದೆ ತೂಗಿದಾಗ ವೈರು ಮುರಿದಂತೆ ಬಾಗುತ್ತದೆ, ಉದ್ದವಾದರೆ ಹೊರಗೆ ಚಾಚಿ ಕಾಲಿಗೆ ತಾಗುತ್ತದೆ. ಬಹುಪಾಲು ಫ್ರೇಮುಗಳಿಗೆ 25ರಿಂದ 30 ಸೆಂ.ಮೀ. ಸರಿಹೋಗುತ್ತದೆ. ಔಟರು ಎರಡೂ ತಡೆಗಳೊಳಗೆ ನೇರವಾಗಿ ಪ್ರವೇಶಿಸಬೇಕು, ಓರೆಯಾಗಿ ಅಲ್ಲ. ಎರಡನೆಯದು ಬಾಟಮ್ ಬ್ರಾಕೆಟ್, ಅಂದರೆ ಪೆಡಲು ತಿರುಗುವ ಅಚ್ಚು ಕೂರುವ ಜಾಗ. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ವೈರು ಅದರ ಮೇಲ್ಭಾಗದ ಲೋಹದ ಕೊಳವೆಗಳಲ್ಲಿ ಹೋಗುತ್ತದೆ, ನಂತರದವುಗಳಲ್ಲಿ ಕೆಳಗಿನ ಪ್ಲಾಸ್ಟಿಕ್ ಹಾದಿಯಲ್ಲಿ. ಮೇಲಿನದ್ದಕ್ಕೆ ತುಕ್ಕು, ಕೆಳಗಿನದ್ದಕ್ಕೆ ಕೆಸರು. ವರ್ಷಗಟ್ಟಲೆ ಓಡಿದ ವೈರು ಪ್ಲಾಸ್ಟಿಕ್ಕಿನಲ್ಲಿ ಗರಗಸದಂತೆ ಆಳವಾದ ಗೀರು ಕೊರೆದಿರುತ್ತದೆ. ಆ ಹಾದಿ ಬದಲಿಸಿ, ಲೋಹದ್ದಾದರೆ ಔಟರಿನಿಂದ ತೆಗೆದ ತೆಳು ಒಳಕೊಳವೆಯ ತುಂಡೊಂದನ್ನು ಅಲ್ಲಿ ತೂರಿಸಿ.

ಮೂರನೆಯದು ಹ್ಯಾಂಡಲ್. ಕೆಳಪೈಪಿನ ಲಿವರು ತೆಗೆದು ಹ್ಯಾಂಡಲ್ಲಿಗೆ ಶಿಫ್ಟರು ಏರಿಸಿದವರು ಲಿವರು ಕೂರುತ್ತಿದ್ದ ಗುಬುಟಿನ ಮೇಲೆ ಬ್ಯಾರೆಲ್ ಇರುವ ತಡೆಯೊಂದನ್ನು ತಿರುಪಿ ಕೂರಿಸಬೇಕು, ಅದು ಪ್ರತ್ಯೇಕವಾಗಿ ಸಿಗುತ್ತದೆ. ಗುಬುಟು ಇಲ್ಲದ ಫ್ರೇಮಾದರೆ ಪೈಪು ಸುತ್ತಿ ಹಿಡಿಯುವ ಪಟ್ಟಿ. ಹಳೆಯ ಉಕ್ಕಿನ ಕೆಳಪೈಪಿನ ಹೊರವ್ಯಾಸ ಬಹುಪಾಲು 28.6 ಮಿ.ಮೀ. ಔಟರಿನ ಉದ್ದವನ್ನು ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನಿರ್ಧರಿಸಿ. ಎಲ್ಲೂ ಎಳೆದು ನಿಲ್ಲಬಾರದು, ಎಲ್ಲೂ ಚೂಪಾಗಿ ಮಡಚಬಾರದು. ಫ್ರೇಮು ಚಿಕ್ಕದಾಗಿ ಬಾಗು ತೀರಾ ಬಿಗಿಯಾದರೆ ಬಲ ಶಿಫ್ಟರಿನ ಔಟರನ್ನು ಎಡ ತಡೆಗೂ ಎಡದ್ದನ್ನು ಬಲ ತಡೆಗೂ ಕೊಟ್ಟು, ಬರಿಯ ವೈರುಗಳನ್ನು ಕೆಳಪೈಪಿನ ಅಡಿಯಲ್ಲಿ ಕತ್ತರಿಯಂತೆ ದಾಟಿಸಬಹುದು. ವೈರುಗಳು ದಾಟುವಲ್ಲಿ ಮೃದುವಾಗಿ ತಾಗಿದರೆ ತೊಂದರೆಯಿಲ್ಲ. ಬಾಟಮ್ ಬ್ರಾಕೆಟ್ಟಿನ ಕೆಳಗೆ ಹಾದಿ ಇರುವ ಫ್ರೇಮಿಗೆ ಮಾತ್ರ ಈ ವಿಧಾನ.

ಮೂರು ಅಂಕಿಗಳು

ಬೆರಕೆ ಭಾಗಗಳ ಗುಟ್ಟೆಲ್ಲ ಒಂದು ಗುಣಾಕಾರದಲ್ಲಿದೆ. ಶಿಫ್ಟರು ಒಂದು ಕ್ಲಿಕ್ಕಿಗೆ ಎಳೆಯುವ ವೈರನ್ನು ಡಿರೇಲರಿನ ಅನುಪಾತದಿಂದ (ವೈರು 1 ಮಿ.ಮೀ. ಎಳೆದಾಗ ಪುಲ್ಲಿ ಸರಿಯುವ ಮಿ.ಮೀ.) ಗುಣಿಸಿದರೆ ಬರುವ ಉತ್ತರ ಎರಡು ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಸಮ ಇರಬೇಕು. ಹೆಸರು, ದರ್ಜೆ, ಹೊಳಪು ಇವಾವುದೂ ಲೆಕ್ಕಕ್ಕಿಲ್ಲ.

ಒಂದು ಕ್ಲಿಕ್ಕಿಗೆ ಎಳೆಯುವ ವೈರು, ಮಿ.ಮೀ.ನಲ್ಲಿ: ಶಿಮಾನೊ 6 ಸ್ಪೀಡ್ 3.2, 7 ಸ್ಪೀಡ್ 2.9, 8 ಸ್ಪೀಡ್ 2.8, 9 ಸ್ಪೀಡ್ 2.5, ರಸ್ತೆಯ 10 ಸ್ಪೀಡ್ 2.3. ಶ್ರಾಮ್ ಕಂಪನಿಯ ಒಂದಕ್ಕೊಂದು ಪದ್ಧತಿಯ (ವೈರು ಎಳೆದಷ್ಟೇ ಹೆಚ್ಚುಕಡಿಮೆ ಪುಲ್ಲಿ ಸರಿಯುವ) 8 ಸ್ಪೀಡ್ 4.3, 9 ಸ್ಪೀಡ್ 4.0. ಕಂಪಾನ್ಯೋಲೊ 10 ಸ್ಪೀಡ್ 2.8, 11 ಸ್ಪೀಡ್ 2.6.

ಡಿರೇಲರಿನ ಅನುಪಾತ: ಶಿಮಾನೊ ಸಾಮಾನ್ಯ 6ರಿಂದ 9 ಸ್ಪೀಡ್ ಮತ್ತು ರಸ್ತೆಯ 10 ಸ್ಪೀಡ್ 1.7. ಶಿಮಾನೊ ಡ್ಯೂರಾ ಏಸ್ 7400 ಸರಣಿ 1.9. ಶಿಮಾನೊ ಬೆಟ್ಟದ ಸೈಕಲ್ಲಿನ 10 ಸ್ಪೀಡ್ 1.2. ಶ್ರಾಮ್ ಒಂದಕ್ಕೊಂದು 1.1.

ಹಲ್ಲುಚಕ್ರಗಳ ಅಂತರ, ಒಂದರ ಮುಖದಿಂದ ಮುಂದಿನದರ ಮುಖಕ್ಕೆ, ಮಿ.ಮೀ.ನಲ್ಲಿ: 6 ಸ್ಪೀಡ್ 5.5, 7 ಸ್ಪೀಡ್ 5.0, ಶಿಮಾನೊ 8 ಸ್ಪೀಡ್ 4.8, 9 ಸ್ಪೀಡ್ 4.35, 10 ಸ್ಪೀಡ್ 3.95.

ಈಗ ಲೆಕ್ಕ ಹಾಕಿ. 8 ಸ್ಪೀಡ್ ಶಿಮಾನೊ ಶಿಫ್ಟರು ಅದರದೇ ಡಿರೇಲರಿನ ಜತೆ: 2.8 ಗುಣಿಲೆ 1.7, ಅಂದರೆ 4.76. ಬೇಕಾದ್ದು 4.8. ಸರಿ. 7 ಸ್ಪೀಡ್ ಶಿಫ್ಟರನ್ನು 8 ಸ್ಪೀಡ್ ಕ್ಯಾಸೆಟ್ಟಿಗೆ ಹಾಕಿದರೆ 4.93, ಒಂದು ಹೆಜ್ಜೆಗೆ 0.13 ತಪ್ಪು, ಆರು ಹೆಜ್ಜೆಗೆ ಸುಮಾರು 0.8. ನಡುವಿನ ಗೇರನ್ನು ಸರಿಯಾಗಿ ಕೂರಿಸಿದರೆ ತಪ್ಪು ಎರಡೂ ತುದಿಗೆ 0.4ರಂತೆ ಹಂಚಿಹೋಗುತ್ತದೆ, ಸರಿಯುವ ಪುಲ್ಲಿ ಅದನ್ನು ನುಂಗುತ್ತದೆ, ಚೆನ್ನಾಗಿಯೇ ಓಡುತ್ತದೆ. ತುದಿಯಿಂದ ತುದಿಗೆ ಒಟ್ಟು ತಪ್ಪು 1 ಮಿ.ಮೀ. ಒಳಗಿದ್ದರೆ ಧೈರ್ಯವಾಗಿ ಹಾಕಬಹುದು. ಅದನ್ನು ಮೀರಿದರೆ ಎಷ್ಟು ತಿದ್ದಿದರೂ ಒಂದಲ್ಲ ಒಂದು ಗೇರು ಗೊಣಗುತ್ತದೆ.

9 ಸ್ಪೀಡ್ ಶಿಫ್ಟರು 8 ಸ್ಪೀಡ್ ಕ್ಯಾಸೆಟ್ಟಿಗೆ ಬಂದರೆ 4.25, ಹೆಜ್ಜೆಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕೊರತೆ, ಬೇಡ. ಶ್ರಾಮ್ ಒಂದಕ್ಕೊಂದು ಶಿಫ್ಟರಿಗೆ ಶಿಮಾನೊ ಡಿರೇಲರು ಕೊಟ್ಟರೆ 7.3, ಒಂದು ಕ್ಲಿಕ್ಕಿಗೆ ಒಂದೂವರೆ ಹಲ್ಲುಚಕ್ರ ಹಾರುತ್ತದೆ. 7400 ಸರಣಿಯ ಡಿರೇಲರು ನೋಡಲು ಬೇರೆ ಶಿಮಾನೊಗಳಂತೆಯೇ ಇದ್ದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯ 7 ಸ್ಪೀಡ್ ಶಿಫ್ಟರಿನ ಜತೆ ಅದು 5.5 ಚಲಿಸುತ್ತದೆ, ಬೇಕಾದ್ದು 5.0. ಹೀಗೆಯೇ 10 ಸ್ಪೀಡಿನ ಬೆಟ್ಟದ ಸೈಕಲ್ಲಿನ ಡಿರೇಲರನ್ನು 9 ಸ್ಪೀಡ್ ಶಿಫ್ಟರಿಗೆ ಕಟ್ಟಿದರೆ 3.0 ಮಾತ್ರ ಚಲಿಸುತ್ತದೆ, ಬೇಕಾದ್ದು 4.35.

ಲೆಕ್ಕ ಕೂಡಿಬರುವ ಬೆರಕೆಗಳೂ ಇವೆ, ಅವು ನಿಜಕ್ಕೂ ಸೊಗಸು. ರಸ್ತೆಯ 10 ಸ್ಪೀಡ್ ಶಿಮಾನೊ ಶಿಫ್ಟರು, ಬೆಟ್ಟದ ಸೈಕಲ್ಲಿನ 9 ಸ್ಪೀಡ್ ಡಿರೇಲರು: 3.91, ಬೇಕಾದ್ದು 3.95. ದೊಡ್ಡ ಹಲ್ಲುಚಕ್ರ ಬೇಕೆನ್ನುವವರಿಗೆ ಇದು ವರ. ಕಂಪಾನ್ಯೋಲೊ 10 ಸ್ಪೀಡ್ ಶಿಫ್ಟರು, ಶಿಮಾನೊ ಡಿರೇಲರು, 8 ಸ್ಪೀಡ್ ಕ್ಯಾಸೆಟ್ಟು: 4.76, ಬೇಕಾದ್ದು 4.8. ಕಂಪಾನ್ಯೋಲೊ 11 ಸ್ಪೀಡ್ ಶಿಫ್ಟರು ಶಿಮಾನೊ 9 ಸ್ಪೀಡಿಗೆ: 4.42, ಬೇಕಾದ್ದು 4.35. ಹೆಚ್ಚುವರಿ ಕ್ಲಿಕ್ಕುಗಳು ಬಳಕೆಗೆ ಬರುವುದಿಲ್ಲ, ಮಿತಿ ಸ್ಕ್ರೂಗಳು ಅವನ್ನು ತಡೆಯುತ್ತವೆ.

6 ಸ್ಪೀಡಿನಲ್ಲಿ ಒಂದು ಬಲೆ ಇದೆ. ಅಗಲ ಅಂತರದ 6 ಹಲ್ಲುಚಕ್ರಗಳ ಫ್ರೀವೀಲು 5.5 ಮಿ.ಮೀ.; 120 ಮಿ.ಮೀ. ಫ್ರೇಮಿಗೆ ಹೊಂದುವಂತೆ ಮಾಡಿದ ಇಕ್ಕಟ್ಟಿನ 6 ಸ್ಪೀಡ್ ಸುಮಾರು 5.0. ಎರಡನೆಯದಕ್ಕೆ 6 ಸ್ಪೀಡ್ ಕ್ಲಿಕ್ ಶಿಫ್ಟರು ಹಾಕಿದರೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ. 7 ಸ್ಪೀಡ್ ಶಿಫ್ಟರು ಹಾಕಿ, ಒಂದು ಕ್ಲಿಕ್ ಉಳಿಸಿ.

ಹೆಸರು ಅಳಿಸಿಹೋದ ಭಾಗಗಳಾದರೆ ನೀವೇ ಅಳೆಯಿರಿ. ಕೆಳಪೈಪಿನ ಬಳಿಯ ಬರಿಯ ವೈರಿಗೆ ಒಂದು ಚೂರು ಟೇಪು ಸುತ್ತಿ, ಮೊದಲ ಕ್ಲಿಕ್ಕಿನಿಂದ ಕೊನೆಯ ಕ್ಲಿಕ್ಕಿನವರೆಗೆ ಟೇಪು ಎಷ್ಟು ಸರಿಯಿತು ನೋಡಿ, ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸಿ. 7 ಸ್ಪೀಡಿಗೆ ಆರು ಹೆಜ್ಜೆ, ಸುಮಾರು 17.4 ಮಿ.ಮೀ. ಬರಬೇಕು. ಕ್ಯಾಸೆಟ್ಟಿನಲ್ಲಿ ಅತಿ ಚಿಕ್ಕದರ ಹೊರಮುಖದಿಂದ ಅತಿ ದೊಡ್ಡದರ ಹೊರಮುಖಕ್ಕೆ ಕ್ಯಾಲಿಪರ್ ಹಿಡಿದು ಹಾಗೆಯೇ ಭಾಗಿಸಿ. ಡಿರೇಲರಿಗೆ ವೈರನ್ನು 10 ಮಿ.ಮೀ. ಎಳೆದು ಪುಲ್ಲಿ ಎಷ್ಟು ಅಡ್ಡ ಹೋಯಿತು ನೋಡಿ. 17 ಹೋದರೆ ಅನುಪಾತ 1.7. ಒಂದೊಂದೇ ಹೆಜ್ಜೆ ಅಳೆಯಲು ಹೋಗಬೇಡಿ, ಅಳತೆಯ ತಪ್ಪೇ ಉತ್ತರಕ್ಕಿಂತ ದೊಡ್ಡದಾಗುತ್ತದೆ.

ಬೋಲ್ಟಿನ ಯಾವ ಪಕ್ಕ

ಡಿರೇಲರಿನ ವೈರ್ ಬೋಲ್ಟನ್ನು ಹತ್ತಿರದಿಂದ ನೋಡಿ. ವಾಷರಿನ ಕೆಳಗೆ ಒಂದು ಸಣ್ಣ ಕಾಲುವೆ ಇರುತ್ತದೆ, ವೈರು ಕೂರಬೇಕಾದ್ದು ಅಲ್ಲಿ. ವಾಷರಿಗೆ ಪುಟ್ಟ ಮೂಗಿದ್ದರೆ ಅದು ಡಿರೇಲರಿನ ಯಾವ ಅಂಚಿಗೆ ತಾಗಿ ನಿಲ್ಲಬೇಕೋ ಅಲ್ಲೇ ನಿಲ್ಲಬೇಕು. ಅವಸರದಲ್ಲಿ ವೈರನ್ನು ಬೋಲ್ಟಿನ ಇನ್ನೊಂದು ಪಕ್ಕದಿಂದ ಹಾಯಿಸಿ ಬಿಗಿದರೆ ಎಳೆತದ ಗೆರೆ ಕೀಲಿನಿಂದ ದೂರವಾಗುತ್ತದೆ. ದೂರವಾದಷ್ಟೂ ಅದೇ ವೈರಿಗೆ ಡಿರೇಲರು ಕಡಿಮೆ ಚಲಿಸುತ್ತದೆ. ಎಲ್ಲ ಭಾಗಗಳೂ ಒಂದೇ ಕುಟುಂಬದವಾಗಿದ್ದೂ ತಪ್ಪು ಬೆಳೆಯುತ್ತಾ ಹೋಗುತ್ತಿದ್ದರೆ ಮೊದಲು ಇಲ್ಲಿ ನೋಡಿ. ಕಾಲುವೆಯಲ್ಲಿ ಹಳೆಯ ವೈರಿನ ಒತ್ತು ಗುರುತು ಇರುತ್ತದೆ, ಅದರ ಮೇಲೇ ಹೊಸ ವೈರು ಕೂತಿದೆಯೇ ಎಂದು ನೋಡಿದರೆ ಸಾಕು.

ಇದೇ ತಪ್ಪು ಉಪಾಯವೂ ಆಗುತ್ತದೆ. 8 ಸ್ಪೀಡ್ ಶಿಮಾನೊ ಶಿಫ್ಟರಿನಿಂದ 9 ಸ್ಪೀಡ್ ಕ್ಯಾಸೆಟ್ಟು ಓಡಿಸಬೇಕಾದರೆ 4.35ನ್ನು 2.8ರಿಂದ ಭಾಗಿಸಿ: ಬೇಕಾದ ಅನುಪಾತ 1.55. ಇರುವುದು 1.7. ಕೀಲಿನಿಂದ ವೈರಿಗೆ ಇರುವ ದೂರ ಸುಮಾರು ಶೇ. 10ರಷ್ಟು ಹೆಚ್ಚಬೇಕು, ಆ ದೂರ 20 ಮಿ.ಮೀ. ಇದ್ದರೆ 2 ಮಿ.ಮೀ. ಹೊರಗೆ. ವೈರನ್ನು ಬೋಲ್ಟಿನ ಹೊರಪಕ್ಕಕ್ಕೆ ದಾಟಿಸಿದರೆ ಹಲವು ಡಿರೇಲರುಗಳಲ್ಲಿ ಇದರ ಆಸುಪಾಸಿಗೆ ಬರುತ್ತದೆ. ಹಾಕಿದ ಮೇಲೆ 10 ಮಿ.ಮೀ. ಪರೀಕ್ಷೆ ಮತ್ತೆ ಮಾಡಿ, ಪುಲ್ಲಿ 15.5 ಹೋಗಬೇಕು. ಶಿಫ್ಟರಿಗೆ ಎಂಟೇ ಸ್ಥಾನ ಇರುವುದರಿಂದ ಒಂಬತ್ತರಲ್ಲಿ ಒಂದು ಹಲ್ಲುಚಕ್ರ ಬಿಡಬೇಕಾಗುತ್ತದೆ, ಯಾವುದೆಂದು ಮಿತಿ ಸ್ಕ್ರೂವಿನಲ್ಲಿ ನಿರ್ಧರಿಸಿ. ವೈರು ಮರೆಯ ಮೇಲೆ ಕೂರಬಾರದು, ವಾಷರಿನ ಸಪಾಟು ಮುಖದ ಕೆಳಗೆ ಪೂರ್ತಿ ಸಿಕ್ಕಿರಬೇಕು. ಅರೆಬರೆ ಸಿಕ್ಕಿದ ವೈರು ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ಜಾರುತ್ತದೆ. ಬೋಲ್ಟಿನ ಬಿಗಿ 5ರಿಂದ 7 ನ್ಯೂಟನ್ ಮೀಟರ್.

ಅಂತರ ಇದಕ್ಕಿಂತ ದೊಡ್ಡದಾದರೆ ನಡುವೆ ಎರಡು ವ್ಯಾಸದ ಪುಟ್ಟ ಗಾಲಿ ಇರುವ ಪರಿವರ್ತಕ ಹಾಕಬಹುದು. ಆದರೂ ಸರಿಹೊಂದುವ ಹಳೆಯ ಡಿರೇಲರೊಂದನ್ನು ಹುಡುಕುವುದೇ ಲೇಸು, ವೈರಿನ ದಾರಿಯಲ್ಲಿ ಒಂದು ಗಾಲಿ ಕಡಿಮೆಯಿದ್ದಷ್ಟೂ ಉಜ್ಜಾಟ ಕಡಿಮೆ.

ಲೆಕ್ಕ ಸರಿಯಿದ್ದೂ ಮಂಕಾಗಿರುವ ಡಿರೇಲರುಗಳ ಬಗ್ಗೆ ಒಂದು ಮಾತು. ಪುಲ್ಲಿ ಹಲ್ಲುಚಕ್ರಗಳ ಇಳಿಜಾರಿಗೆ ಸಮವಾಗಿ ಓರೆಯಾಗಿ ಚಲಿಸುವ ವಿನ್ಯಾಸವನ್ನು ಸನ್‌ಟೂರ್ ತಂದದ್ದು 1964ರಲ್ಲಿ. ಅದರ ಪೇಟೆಂಟ್ ಮುಗಿದದ್ದು 1984ರಲ್ಲಿ, ಶಿಮಾನೊ ತನ್ನ ಕ್ಲಿಕ್ ಪದ್ಧತಿಯನ್ನು ಡ್ಯೂರಾ ಏಸ್ 7400ರಲ್ಲಿ ಹೊರತಂದದ್ದೂ ಅದೇ ವರ್ಷ. ಅದಕ್ಕೂ ಹಿಂದಿನ, ಓರೆಯಿಲ್ಲದ ಡಿರೇಲರುಗಳಲ್ಲಿ ಚಿಕ್ಕ ಹಲ್ಲುಚಕ್ರದ ಬಳಿ ಪುಲ್ಲಿ ತೀರಾ ದೂರ ನಿಲ್ಲುತ್ತದೆ. ಚೈನು ಅಷ್ಟು ದೂರ ಬಾಗಿಕೊಂಡು ಹೋಗುವುದರಿಂದ ಪುಲ್ಲಿ ಸರಿದರೂ ಚೈನು ಸರಿಯುವುದಿಲ್ಲ. ಅಂಥವಕ್ಕೆ ಕ್ಲಿಕ್ ಇಲ್ಲದ ಲಿವರೇ ಸರಿಯಾದ ಜೋಡಿ. ಓರೆ ವಿನ್ಯಾಸದವುಗಳಲ್ಲಿ ದೊಡ್ಡ ಹಲ್ಲುಚಕ್ರದ ಮೇಲೆ ಚೈನಿದ್ದಾಗ ಪುಲ್ಲಿಯ ತುದಿಗೂ ಹಲ್ಲಿಗೂ 5ರಿಂದ 6 ಮಿ.ಮೀ. ಬಿಡಿ.

ಚೈನು ಮತ್ತು ಮುಂದಿನ ಡಿರೇಲರು

ಚೈನನ್ನು ಕ್ಯಾಸೆಟ್ಟಿಗೆ ತಕ್ಕಂತೆ ಆರಿಸಿ, ಶಿಫ್ಟರಿಗೆ ಅಲ್ಲ. ಹೊರ ಅಗಲ 8 ಸ್ಪೀಡಿಗೆ 7.1 ಮಿ.ಮೀ., 9ಕ್ಕೆ 6.6 ಆಸುಪಾಸು, 10ಕ್ಕೆ 5.9. 8 ಸ್ಪೀಡ್ ಚೈನು 9 ಸ್ಪೀಡ್ ಕ್ಯಾಸೆಟ್ಟಿನಲ್ಲಿ ಪಕ್ಕದ ಹಲ್ಲಿಗೆ ಸದಾ ಉಜ್ಜುತ್ತದೆ, ಅದು ವೈರಿನ ದೋಷದಂತೆಯೇ ಕೇಳಿಸುತ್ತದೆ. 7 ಸ್ಪೀಡ್ ಕ್ಯಾಸೆಟ್ಟನ್ನು 8, 9 ಸ್ಪೀಡಿನ ಹಬ್ಬಿಗೆ (ಚಕ್ರದ ನಡುಗುಂಭಕ್ಕೆ) ಹಾಕುವಾಗ ಹಿಂದೆ 4.5 ಮಿ.ಮೀ. ಸ್ಪೇಸರ್ ಬೇಕು, ಇಲ್ಲದಿದ್ದರೆ ಕ್ಯಾಸೆಟ್ಟು ಹಬ್ಬಿನ ಮೇಲೆ ಅಲ್ಲಾಡುತ್ತದೆ.

ಮುಂದೆ ರಸ್ತೆಯ ಸೈಕಲ್ಲಿನ ಶಿಫ್ಟರಿಗೂ ಬೆಟ್ಟದ ಸೈಕಲ್ಲಿನ ಡಿರೇಲರಿಗೂ ಎಳೆತ ಹೊಂದುವುದಿಲ್ಲ. ವೈರು ಮೇಲಿನಿಂದ ಬರುತ್ತದೋ ಕೆಳಗಿನಿಂದಲೋ ನೋಡಿ, ಸೀಟಿನ ಪೈಪಿನ ಹೊರವ್ಯಾಸ 28.6, 31.8 ಅಥವಾ 34.9 ಎಂದು ಅಳೆದೇ ಡಿರೇಲರು ತನ್ನಿ. ಮುಂದಿನ ಡಿರೇಲರಿನಲ್ಲಿ ಚೈನನ್ನು ತಳ್ಳುವ ಪಂಜರದ ಹೊರತಗಡು ದೊಡ್ಡ ಚೈನ್‌ವೀಲಿನ ಹಲ್ಲುಗಳ ಮೇಲೆ 1ರಿಂದ 3 ಮಿ.ಮೀ. ಎತ್ತರದಲ್ಲಿ, ಅದಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಬೆರಕೆ ಸೈಕಲ್ಲಿಗೆ ಮುಂದೆ ಕ್ಲಿಕ್ ಇಲ್ಲದ ಲಿವರು ಹಾಕುವುದೇ ಉತ್ತಮ: ಯಾವ ಡಿರೇಲರಾದರೂ ನಡೆಯುತ್ತದೆ, ಹಿಂದೆ ಗೇರು ಬದಲಾದಾಗ ಪಂಜರವನ್ನು ಕೂದಲೆಳೆಯಷ್ಟು ಸರಿಸಿ ಸದ್ದು ನಿಲ್ಲಿಸಬಹುದು.

ಕೊನೆಗೆ ಹೊಂದಿಸುವಾಗ

ವೈರು ಬಿಡಿಸಿಯೇ ಚಿಕ್ಕ ಹಲ್ಲುಚಕ್ರದ ಮಿತಿ ಸ್ಕ್ರೂ ಹೊಂದಿಸಿ. ಬ್ಯಾರೆಲನ್ನು ಪೂರ್ತಿ ಒಳಗೆ ತಿರುಗಿಸಿ ಎರಡು ಸುತ್ತು ಹೊರಗೆ ತನ್ನಿ, ಆಮೇಲೆ ಎರಡೂ ದಿಕ್ಕಿಗೆ ತಿದ್ದಲು ಜಾಗ ಇರುತ್ತದೆ. ಶಿಫ್ಟರು ವೈರನ್ನು ಪೂರ್ತಿ ಬಿಟ್ಟ ಸ್ಥಿತಿಯಲ್ಲಿರಲಿ, ವೈರನ್ನು ಕೈಯಿಂದಷ್ಟೇ ಎಳೆದು ಬೋಲ್ಟು ಬಿಗಿಯಿರಿ. ಈಗ ಕೆಳಪೈಪಿನ ಬರಿಯ ವೈರನ್ನು ಹಿಡಿದು ಒಂದೆರಡು ಸಲ ಜೋರಾಗಿ ಜಗ್ಗಿ. ಔಟರಿನ ತುದಿಗಳೂ ಟೋಪಿಗಳೂ ಗೂಡಿನಲ್ಲಿ ಸರಿಯಾಗಿ ಕೂರುತ್ತವೆ, ಹೊಸ ವೈರು ಸಡಿಲಗೊಳ್ಳುವ ಮಟ್ಟಿಗೆ ಅಲ್ಲೇ ಸಡಿಲಗೊಳ್ಳುತ್ತದೆ. ಸಡಿಲಾದ್ದನ್ನು ಬೋಲ್ಟಿನಲ್ಲಿ ಮತ್ತೆ ಎಳೆದು, ನಡುವಿನ ಹಲ್ಲುಚಕ್ರದಲ್ಲಿ ಬ್ಯಾರೆಲ್ಲಿನಿಂದ ಪುಲ್ಲಿಯನ್ನು ನೇರಕ್ಕೆ ತನ್ನಿ. ಬೆರಕೆ ಜೋಡಣೆಯಲ್ಲಿ ನಡುವಿನಿಂದಲೇ ಹೊಂದಿಸಬೇಕು, ತುದಿಯಿಂದ ಹೊಂದಿಸಿದರೆ ತಪ್ಪೆಲ್ಲ ಇನ್ನೊಂದು ತುದಿಯಲ್ಲಿ ಗುಡ್ಡೆಯಾಗುತ್ತದೆ.

ದೊಡ್ಡ ಹಲ್ಲುಚಕ್ರದ ಮಿತಿ ಸ್ಕ್ರೂವನ್ನು ಕೊನೆಯಲ್ಲಿ ಹೊಂದಿಸಿ, ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿದರೂ ಚೈನು ಕಡ್ಡಿಗಳ ಕಡೆಗೆ ದಾಟಬಾರದು. ವೈರಿನ ಬಾಲ 3 ಸೆಂ.ಮೀ. ಉಳಿಸಿ ಕತ್ತರಿಸಿ, ಎಳೆ ಬಿಚ್ಚಿಕೊಳ್ಳುವ ಮುಂಚೆ ತುದಿಗೆ ಮುಚ್ಚಳ ಒತ್ತಿ. ಮೊದಲ ಕೆಲವು ಸವಾರಿಗಳ ನಂತರ ಬ್ಯಾರೆಲ್ ಕಾಲು ಸುತ್ತಿನಿಂದ ಅರ್ಧ ಸುತ್ತು ಹೊರಗೆ ಬೇಕಾಗಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಬೋಲ್ಟಿನಡಿ ವೈರು ಜಾರುತ್ತಿದೆ, ಇಲ್ಲವೇ ಯಾವುದೋ ಟೋಪಿಯೊಳಗೆ ಔಟರಿನ ತಂತಿ ಮುಂದೆ ನುಗ್ಗುತ್ತಿದೆ.